ಮಡ್ಡಿಯ ಕೆಳಗೆ ಯಾರ ಹಕ್ಕು?

ತನ್ನ ಹೊಲದ ಮೇಲೆ ಬೇರೆ ಯಾರಾದರೂ ಹಕ್ಕು ಹೇಳಿರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತ ಸರಕಾರಿ ಕಚೇರಿಗೆ ಹೋದ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಹುಚ್ಚಿ ಎನ್ನಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಅನ್ನಿ.

ಹೊಲ ಇರುವುದು ಅಲಖನೂರಿನಲ್ಲಿ, ನನ್ನ ತವರಿನಲ್ಲಿ. ಮದುವೆಯಾದಾಗ ಅಪ್ಪ ಅರಿಷಿಣ-ಕುಂಕುಮಕ್ಕೆಂದು ಒಂದು ಎಕರೆ ನನ್ನ ಹೆಸರಿಗೆ ಮಾಡಿಕೊಟ್ಟ. ಎಕರೆ ಎಂದ ಕೂಡಲೇ ನಿಮ್ಮ ಕಣ್ಣಿಗೆ ಕಬ್ಬು ಬಂದರೆ ಅದು ನಿಮ್ಮ ತಪ್ಪು. ಅದು ಬರೀ ಮಡ್ಡಿ. ಗರಸು, ಕಲ್ಲು, ನಡುನಡುವೆ ಜಾಲಿ. ಅದನ್ನು ಹೊಲವೆಂದು ಒಪ್ಪಿಕೊಂಡಿರುವುದು ನನ್ನ ಅಣ್ಣ ಭೀಮಪ್ಪನ ಆಡುಗಳು ಮಾತ್ರ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದವಳು ನಾನು. ಹಳೆಯ ಶಾಸನಗಳಲ್ಲಿ ಭೂಮಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಎಂಟು ಬಗೆಯ ಭೋಗಗಳನ್ನು ಹೆಸರಿಸಿ ಕೊಡುತ್ತಿದ್ದರು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನೆಲದ ಒಳಗಿನದೂ ಕೊಟ್ಟವನಿಗೆ ಮರಳಬಾರದೆಂಬ ಮುಂದಾಲೋಚನೆ ಅದು. ನಮ್ಮಪ್ಪ ಎಂಟರಲ್ಲಿ ಪಾಷಾಣವೊಂದನ್ನೇ ಆರಿಸಿ ಕೊಟ್ಟಿದ್ದ. ಹಾಗೆಂದು ಕಾಡಿದಾಗ ನಕ್ಕು, "ಹೆಣ್ಣಮಗಳಿಗೆ ತವರಾಗ ಕುಂಡ್ರಾಕ ಒಂದ ಕಲ್ಲರ ಇರಬೇಕವಾ" ಅಂದಿದ್ದ.

ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಪಂಚಮಿ ಬಂದರೆ ಅಣ್ಣ ಫೋನು ಮಾಡುತ್ತಾನೆ. "ಹಬ್ಬಕ್ಕೆ ಬಾ" ಎನ್ನಲು ಅವನಿಗೆ ಅದೇನು ನಾಚಿಕೆಯೋ, "ನಿನ್ನ ಹೊಲಾ ನೋಡಿ ಹೋಗವಾ" ಅನ್ನುತ್ತಾನೆ. ನಾನೂ ದೊಡ್ಡ ಜಮೀನ್ದಾರಳಂತೆ ಹೋಗಿ, ಕಲ್ಲುಗಳನ್ನೆಲ್ಲ ಗಂಭೀರವಾಗಿ ತಪಾಸಣೆ ಮಾಡಿ, ಅಲ್ಲೇ ಕುಳಿತು ಅಣ್ಣನ ಹೆಂಡತಿ ವೈನಿ ಕಟ್ಟಿಕೊಟ್ಟ ರೊಟ್ಟಿ-ಶೇಂಗಾ ಹಿಂಡಿ ತಿಂದು, ನಾಲ್ಕು ದಿನ ಇದ್ದು ಬರುತ್ತೇನೆ. ಆ ನಾಲ್ಕು ದಿನ ನಾನು ಯಾರ ಅತ್ತೆಯೂ ಅಲ್ಲ, ಯಾರ ಟೀಚರೂ ಅಲ್ಲ. ನನಗೆ ಅದು ತುಂಬಾ ಬೇಕು.

ಕಾಗವಾಡದ ನಮ್ಮ ಮನೆಯದು ದ್ರಾಕ್ಷಿ ತೋಟ. ಪಕ್ಕದ ತುಂಡು ಮಾರಾಟಕ್ಕೆ ಬಂತು. ನಮ್ಮ ಯಜಮಾನರು, "ಆ ಮಡ್ಡಿ ಇಟಗೊಂಡು ಏನ ಮಾಡ್ತಿ? ಅದನ್ನ ಕೊಟ್ಟು ಇದನ್ನ ಹಿಡಿಯೂಣು" ಎಂದರು. ಮಾತು ತಪ್ಪಲ್ಲ. ತಪ್ಪು ಮಾತಾಗಿದ್ದರೆ ಜಗಳ ಮಾಡಬಹುದಿತ್ತು. ತವರಿಗೆ ಹೋಗುವ ನೆಪ ತಪ್ಪುತ್ತದೆ ಎಂದು ಈ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? ಹೂಂ ಅಂದುಬಿಟ್ಟೆ. ಅಲಖನೂರಿನ ಶಿವಗೌಡರು ಕೋಳಿ ಫಾರ್ಮಿಗೆಂದು ಕೊಳ್ಳಲು ತಯಾರಾದರು.

ಅಷ್ಟರಲ್ಲಿ ಯಾರೋ ಇಬ್ಬರು ಜೀಪಿನಲ್ಲಿ ಬಂದು, ನನ್ನ ಮಡ್ಡಿಯ ಕಲ್ಲುಗಳನ್ನು ಸುತ್ತಿಗೆಯಿಂದ ಬಡಿದು, ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಊರೆಲ್ಲ ಗುಲ್ಲೋ ಗುಲ್ಲು. ಯಜಮಾನರ ಮಿರಜದ ಗೆಳೆಯರಂತೂ, "ವಹಿನೀ, ಖಾಲೀ ಸೋನ ಅಸೇಲ!" ಎಂದು ಮರಾಠಿಯಲ್ಲಿ ಸಾರಿ ಭೂಮಿಯ ಕೆಳಗಿನ ಬಂಗಾರವನ್ನು ನನ್ನ ಕೊರಳಿಗೇ ಹಾಕಿಬಿಟ್ಟರು. ಶಿವಗೌಡರು ಮಾತ್ರ ಗಾಬರಿಯಾದರು. "ನಾಳೆ ಯಾವದರ ಕಂಪನಿ ಬಂದು ಕೆಳಗಿಂದೆಲ್ಲಾ ನಮ್ಮದು ಅಂದ್ರ ನನ್ನ ಕೋಳಿ ಎಲ್ಲಿಡ್ಲಿರೀ? ಯಾರದೂ ಹಕ್ಕಿಲ್ಲಂತ ಖಾತ್ರಿ ಮಾಡಿಕೊಡ್ರಿ, ನಾಳೇನ ಖರೀದಿ ಮಾಡತೀನಿ."

ನನಗೆ ಹೋದ ಜೀವ ಬಂದಂತಾಯಿತು. ಯಾರದಾದರೂ ಹಕ್ಕು ಇದ್ದರೆ ಮಾರಾಟ ತಾನಾಗಿಯೇ ನಿಲ್ಲುತ್ತದೆ, ನಾನು ಒಳ್ಳೆಯವಳಾಗಿಯೇ ಉಳಿಯುತ್ತೇನೆ! ವಿಚಾರಿಸಿ ಬರಲು ನಾನೇ ಹೊರಟೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಹೀಗಾಗಿ ಯಜಮಾನರೂ ಅಡ್ಡಬರಲಿಲ್ಲ. ರಾಯಬಾಗದ ತಾಲೂಕು ಕಚೇರಿಯಲ್ಲಿ ಪಹಣಿ ತೆಗೆಸಿದೆ. ಇತರ ಹಕ್ಕುಗಳ ಕಾಲಂ ನಮ್ಮ ಮಡ್ಡಿಯಷ್ಟೇ ಬೋಳು. "ಖಣಿ ವಿಷಯಾ ಬೆಳಗಾವ್ಯಾಗ ಕೇಳ್ರಿ" ಎಂದರು. ಬೆಳಗಾವಿಯ ಗಣಿ ಇಲಾಖೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿ ಸರ್ವೆ ನಂಬರು ಹಾಕಿ, ನಕ್ಷೆ ತೆರೆದು ನೋಡಿ, "ಮೇಡಂ, ಯಾರೂ ಅರ್ಜಿ ಹಾಕಿಲ್ಲರಿ, ಗುತ್ತಿಗೀನೂ ಇಲ್ಲ. ಅವರು ಸುಮ್ಮ ಸರ್ವೇಕ್ಕ ಬಂದಿರಬೇಕು" ಎಂದಳು.

"ಇನ್ನೊಮ್ಮೆ ನೋಡವಾ. ಸುಣ್ಣದ ಕಲ್ಲಿಗರ ಯಾರರ ಕೇಳ್ಯಾರೇನ?"

"ಇಲ್ಲರಿ. ಖುಷಿ ಪಡ್ರಿ!"

ಖುಷಿ ಎಲ್ಲಿಂದ ಬರಬೇಕು? ಸಣ್ಣ ಅವಮಾನವೂ ಆಯಿತೆನ್ನಿ. ಬೀಗ ಹಾಕಿ ಹೋದ ಮನೆಯನ್ನು ಒಬ್ಬ ಕಳ್ಳನೂ ಮೂಸಿ ನೋಡಿಲ್ಲ ಎಂದು ತಿಳಿದಾಗ ಆಗುವಂಥದ್ದು. ನೆಲದ ಒಡೆತನವೇ ವಿಚಿತ್ರ ನೋಡಿ. ಮೇಲೆ ಹಾರುವ ವಿಮಾನ ನಮ್ಮನ್ನು ಕೇಳುವುದಿಲ್ಲ, ಒಳಗೆ ಹರಿಯುವ ನೀರು ಬಾಂದಿನ ಗುರುತು ನೋಡುವುದಿಲ್ಲ. ನಡುವಿನ ಒಂದು ಪದರಿಗಾಗಿ ನಾವು ಕೋರ್ಟು ಹತ್ತುತ್ತೇವೆ. ನನ್ನ ಪದರು ಆಡಿಗೂ ಅರೆಹೊಟ್ಟೆ.

ಮಾರನೆಯ ದಿನ ಶಿವಗೌಡರು ಕಾಗವಾಡಕ್ಕೆ ಬಂದರು. ಚಹಾ ಕುಡಿದು, ಕಾಗದಗಳನ್ನು ತಿರುವಿ, ನನ್ನತ್ತ ನೋಡಿ, "ಹಂಗಾರ ಹೊಲದ ಮ್ಯಾಲ ಯಾರದೂ ತಕರಾರಿಲ್ಲ ಅಂದಂಗಾತು, ಹೌದಲ್ರಿ ಬಾಯಾರ?" ಎಂದರು.

"ಐತ್ರಿ" ಎಂದೆ. ನನ್ನ ಧ್ವನಿಗೆ ನಾನೇ ಬೆಚ್ಚಿದೆ. "ನನ್ನದ ಐತಿ. ನನಗ ಮಾರೂದು ಬ್ಯಾಡಾಗೇತಿ. ಅದೊಂದ ಇಲ್ಲಂದ್ರ ನಾ ತವರಿಗೆ ಏನ ನೋಡಾಕ ಹೋಗಲಿ?"

ಶಿವಗೌಡರು ಯಜಮಾನರ ಮುಖ ನೋಡಿದರು. ಇನ್ನೇನು ಗುಡುಗು ಎಂದು ನಾನು ಸೆರಗು ಬಿಗಿಮಾಡಿಕೊಂಡೆ. ಯಜಮಾನರು ಕಪ್ಪು ಕೆಳಗಿಟ್ಟು, ನಿಧಾನಕ್ಕೆ ನಕ್ಕರು.

"ರಾಯಬಾಗದಾಗ ಕೇಳಿ ಬಂದಿ, ಬೆಳಗಾವ್ಯಾಗ ಕೇಳಿ ಬಂದಿ. ನನಗೊಂದ ಮಾತು ಹೇಳಿದ್ದರ ಇಲ್ಲೇ ಬಗೀಹರೀತಿತ್ತಲ್ಲ! ಬ್ಯಾಡ ಅಂದಿದ್ದರ ನಾ ಏನ ನಿನ್ನ ಕೈ ಹಿಡಿದು ಸಹಿ ಮಾಡಸ್ತಿದ್ನೇನ?"

ಸಂಸಾರ ಮಾಡಿ ಇಷ್ಟು ವರ್ಷವಾಯಿತು. ಗಂಡನ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ ನೋಡುವ ಮೊದಲು ನಾನು ಭೂಮಿಯ ಹೊಟ್ಟೆಯಲ್ಲಿ ಏನಿದೆಯೆಂದು ಕೇಳಲು ಹೋಗಿದ್ದೆ. ಶಿವಗೌಡರಿಗೆ ಇನ್ನೊಂದು ಕಪ್ಪು ಚಹಾ ತರುತ್ತೇನೆಂದು ಹೇಳಿ ಒಳಗೆ ಹೋಗಿ, ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿದೆ.