ಮೂಲಂಗಿ ಬೀಜದ ಪ್ರೋಟೀನು ಮತ್ತು ನನ್ನ ಹುಳುಕಡ್ಡಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದೆ. ಮೂಲಂಗಿ ಬೀಜವನ್ನು ಶಿಲೀಂಧ್ರದಿಂದ ಕಾಯುವ ಪ್ರೋಟೀನು ನನ್ನ ವಿಷಯ. ಅದು ತೀರ ಪುಟ್ಟದಾದರೂ ಗಂಧಕದ ನಾಲ್ಕು ಬೆಸುಗೆಗಳಿಂದ ಬಿಗಿದುಕೊಂಡಿರುವುದರಿಂದ ಕುದಿಸಿದರೂ ಕೆಡುವುದಿಲ್ಲ. ಶಿಲೀಂಧ್ರದ ಪೊರೆಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಇದನ್ನೆಲ್ಲ ಬರೆಯುತ್ತಿದ್ದ ವಿದ್ವಾಂಸನ ಸೊಂಟದಲ್ಲಿ ಹುಳುಕಡ್ಡಿ ಎದ್ದಿತ್ತು. ಅದೂ ಶಿಲೀಂಧ್ರವೇ.

ನಾಲ್ಕು ತಿಂಗಳು ಬೀಜ ಅರೆದು ಶುದ್ಧಮಾಡಿದ್ದ ಪ್ರೋಟೀನನ್ನು ಲ್ಯಾಬಿನಿಂದ ಕದ್ದು ತಂದು ವಾರವಿಡೀ ಹಚ್ಚಿಕೊಂಡೆ. ಹುಳುಕಡ್ಡಿ ಹೊಟ್ಟೆಯವರೆಗೂ ಹಬ್ಬಿತು. ಕೊನೆಗೆ ಹಲಸೂರಿನ ಡಾಕ್ಟರಮ್ಮನ ಮುಂದೆ ಅಂಗಿ ಎತ್ತಿ ಎಲ್ಲವನ್ನೂ ಒಪ್ಪಿಕೊಂಡೆ.

"ಅದು ಮೂಲಂಗಿ ರೋಗಕ್ಕಲ್ವೇನ್ರೀ? ನೀವೇನು ಮೂಲಂಗೀನಾ?" ಎಂದು ಕೇಳಿದ ಅವರು ಮುಲಾಮು ಬರೆದುಕೊಟ್ಟರು. "ಒದ್ದೆ ಚಡ್ಡಿ ಹಾಕ್ಕೋಬೇಡಿ, ಅಷ್ಟು ಮಾಡಿ ಸಾಕು."

ಮೂರು ವಾರಕ್ಕೆ ವಾಸಿಯಾಯಿತು. ಪ್ರೋಟೀನು ಎಲ್ಲಿ ಹೋಯಿತೆಂದು ಕೇಳಿದ ಗೈಡಿಗೂ ನಿಜವನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಸೊಂಟವನ್ನೇ ನೋಡಿದರು.

"ಈ ರಿಸಲ್ಟು ಥೀಸಿಸ್‌ನಲ್ಲಿ ಬರೀಬೇಡ," ಎಂದು ಹೇಳಿ, ಮತ್ತೆ ಬೀಜ ತರಲು ನನ್ನನ್ನು ಶಿವಾಜಿನಗರಕ್ಕೆ ಅಟ್ಟಿದರು.