ಪರದೆ ಅಕ್ಕನ ಮನೆಗೇ ಬಂದ ಜ್ವರ

ಪರದೆ ಅಕ್ಕನ ಗಂಡನಿಗೆ ಡೆಂಗಿ ಎಂದು ಸುದ್ದಿ ಬಂದಾಗ ನಮ್ಮ ಓಣಿಯಲ್ಲಿ ಒಬ್ಬರೂ ನಂಬಲಿಲ್ಲ. "ಬೇರೆ ಯಾರಿಗೋ ಇರಬೇಕು, ಸರಿಯಾಗಿ ಕೇಳಿಸ್ಕೊಂಡ್ರಾ?" ಎಂದು ನಾನೇ ಎರಡು ಸಲ ಕೇಳಿದೆ.

ಅಕ್ಕ ಇಪ್ಪತ್ತೆರಡು ವರ್ಷದಿಂದ ಸೊಳ್ಳೆ ಪರದೆ ಹೊಲಿಯುತ್ತಿದ್ದಳು. ಅವಳ ಮನೆ ನಮ್ಮ ಮನೆಗೆ ಗೋಡೆಗೆ ಗೋಡೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಸುತ್ತ ಮೊಣಕಾಲೆತ್ತರ ಬಿಳಿ, ನೀಲಿ ಬಲೆಬಟ್ಟೆ. ಕೊಳ್ಳಲು ಬಂದವರು ಪರದೆಯ ಜೊತೆ ಪಾಠವನ್ನೂ ಕಟ್ಟಿಸಿಕೊಂಡು ಹೋಗಬೇಕು. "ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ. ಸುಮ್ನೆ ಇಳಿಬಿಟ್ರೆ ಸೊಳ್ಳೆಗೆ ಬಾಗಿಲು ತೆಗೆದಿಟ್ಟ ಹಾಗೆ. ಕೈಕಾಲು ಬಲೆಗೆ ತಾಗಿಸಿ ಮಲಗ್ಬೇಡಿ, ಹೊರಗಿಂದಲೇ ಚುಚ್ಚುತ್ತೆ."

ಅವಳ ಗಂಡ, ನಾನು ಭಾವ ಎಂದು ಕರೆಯುವವರು, ಗೋದಾಮೊಂದರಲ್ಲಿ ರಾತ್ರಿ ಕಾವಲುಗಾರ. ಕೆಲಸಕ್ಕೆ ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಕೈಗೂ ಕುತ್ತಿಗೆಗೂ ಸೊಳ್ಳೆ ಮುಲಾಮು. ಎಲ್ಲ ಆದ ಮೇಲೇ ದಾರಿ. "ಬಿಟ್ರೆ ನನ್ನನ್ನೂ ಬಲೆಯೊಳಗಿಟ್ಟು ಹೊಲಿದುಬಿಡ್ತಾಳೆ ನೋಡಮ್ಮ" ಎಂದು ಭಾವ ನನ್ನತ್ತ ಕಣ್ಣು ಮಿಟುಕಿಸುತ್ತಿದ್ದರು.

ಅಂಥವರು ಜ್ವರ ಬಂದು ಮಲಗಿದರು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಕಣ್ಣಿನ ಹಿಂದೆ ನೋವು, ಮೈಯ ಮೂಳೆಯೆಲ್ಲ ಮುರಿದಂತೆ. ಐದನೆಯ ದಿನ ಮೈ ತಣ್ಣಗಾಯಿತು. "ಇಳೀತು, ಗೆದ್ವಿ" ಎಂದು ಅಕ್ಕ ಗಂಜಿ ಕಾಯಿಸಲು ಎದ್ದಳು. ಅಷ್ಟರಲ್ಲಿ ಭಾವ ಹೊಟ್ಟೆ ಹಿಡಿದುಕೊಂಡು ಉಗುಳಿದರು. ರಕ್ತ. ವಸಡಿನಿಂದ ಒಸರುತ್ತಿತ್ತು. ಅಕ್ಕನ ಕೈಯ ಪಾತ್ರೆ ಕೆಳಗೆ ಬಿದ್ದ ಸದ್ದಿಗೆ ನಾನು ಓಡಿಹೋದೆ. ಆಸ್ಪತ್ರೆಯಲ್ಲಿ ಡಾಕ್ಟರು, "ಜ್ವರ ಇಳಿಯೋ ಹೊತ್ತೇ ಹುಷಾರಾಗಿರಬೇಕಾದ್ದು. ಸದ್ಯ, ಬೇಗ ಕರ್ಕೊಂಡು ಬಂದ್ರಿ" ಎಂದು ಕೂಡಲೇ ಸಲೈನು ಹಾಕಿಸಿದರು.

ಮರುದಿನ ಬೆಳಿಗ್ಗೆ ಬಟ್ಟೆ ಒಯ್ಯಲು ಅಕ್ಕನೂ ನಾನೂ ಮನೆಗೆ ಬಂದೆವು. ಡೆಂಗಿ ಬಂದ ಮನೆ ಪರೀಕ್ಷಿಸಲು ಬಾಗಿಲಲ್ಲಿ ಟಾರ್ಚು ಹಿಡಿದು ಆರೋಗ್ಯ ಕಾರ್ಯಕರ್ತೆ ನಿಂತಿದ್ದಳು.

"ಗೋದಾಮಲ್ಲೇ ಕಚ್ಚಿರೋದು" ಎಂದಳು ಅಕ್ಕ, ಅವಳು ಕೇಳುವ ಮೊದಲೇ.

"ಹಗಲು ಎಲ್ಲಿರ್ತಾರೆ ಅವರು?"

"ಇಲ್ಲೇ. ಮಲಗಿರ್ತಾರೆ."

"ಪರದೆ ಒಳಗಾ?"

ಅಕ್ಕ ಮಂಚದ ಕಡೆ ನೋಡಿದಳು. ಪರದೆಯನ್ನು ಮೇಲೆತ್ತಿ ಗಂಟು ಹಾಕಿತ್ತು. ದಿನವೂ ಬೆಳಿಗ್ಗೆ ಅವಳೇ ಹಾಕುವ ಗಂಟು. "ಹಗಲಲ್ಲಿ ಎಂಥ ಸೊಳ್ಳೆ?" ಎಂದಳು.

"ಅಕ್ಕಾ, ಡೆಂಗಿ ಸೊಳ್ಳೆ ಕಚ್ಚೋದೇ ಹಗಲಲ್ಲಿ. ಬೆಳಿಗ್ಗೆ ಒಂದಿಷ್ಟು ಹೊತ್ತು, ಕತ್ತಲಾಗೋಕೆ ಮುಂಚೆ ಒಂದಿಷ್ಟು ಹೊತ್ತು ಇನ್ನೂ ಜಾಸ್ತಿ."

ಆಕೆ ಅಡುಗೆಮನೆಗೆ ಹೋಗಿ ಮಂಡಿಯೂರಿ ತಿಂಡಿ ಕಪಾಟಿನ ಕೆಳಗೆ ಟಾರ್ಚು ಬಿಟ್ಟಳು. ಇರುವೆ ಹತ್ತದಿರಲೆಂದು ಕಪಾಟಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಬೆಳಕು ಬಿದ್ದದ್ದೇ ನೀರು ಅಲುಗಾಡಿತು. ಕೂದಲೆಳೆಯಂಥ ಹುಳುಗಳು, ನೂರಾರು, ತಲೆಕೆಳಗಾಗಿ ತೂಗಿಕೊಂಡು.

"ಎಲ್ಲ ಸೊಳ್ಳೆ ಮರಿ. ನೀರು ಯಾವಾಗ ಬದಲಾಯಿಸಿದ್ದು?"

"ಬದಲಾಯಿಸೋದಾ? ಕಡಿಮೆ ಆದ್ರೆ ಮೇಲಿಂದ ಹೊಯ್ತೀನಿ…"

ಅಕ್ಕ ಬಗ್ಗಿ ಬಟ್ಟಲೊಂದನ್ನು ಹತ್ತಿರದಿಂದ ನೋಡಿದಳು. ಅಲ್ಲಿಂದ ಮಂಚಕ್ಕೆ ಎಂಟು ಹೆಜ್ಜೆ. "ನಾನೇ ಸಾಕಿದ್ನಾ ಇವನ್ನ?" ಎಂದು ನನ್ನ ತೋಳು ಹಿಡಿದಳು.

"ಸುರಿದ್ರೆ ಸಾಲದು, ಉಜ್ಜಿ ತೊಳೀಬೇಕು" ಎಂದಳು ಕಾರ್ಯಕರ್ತೆ. "ಮೊಟ್ಟೆ ಬಟ್ಟಲಿನ ಒಳಗೋಡೆಗೆ ಅಂಟಿರುತ್ತೆ. ಒಣಗಿದ್ರೂ ಬೇಗ ಸಾಯಲ್ಲ. ವಾರಕ್ಕೊಮ್ಮೆ ತಪ್ಪದೇ ಮಾಡಿ. ಅವರು ಮನೆಗೆ ಬಂದ್ಮೇಲೂ ಹಗಲು ಪರದೆ ಇರಲಿ; ಅವರನ್ನ ಕಚ್ಚಿದ ಸೊಳ್ಳೆ ನಿಮ್ಮನ್ನೂ ಕಚ್ಚಬಾರದು."

ಆಸ್ಪತ್ರೆ ಸೇರಿದ ಆರನೆಯ ದಿನ ಭಾವ ಮನೆಗೆ ಬಂದರು, ಮೈ ಅರ್ಧವಾಗಿತ್ತು. ಬಟ್ಟಲಿನ ವಿಷಯವನ್ನು ಅಕ್ಕ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನನಗೂ ಗೊತ್ತಿರಲಿಲ್ವಲ್ಲೇ" ಎಂದರು ಭಾವ, ಅಷ್ಟೇ. ಆಗ ಅವಳು ಅತ್ತಳು.

ಆಮೇಲೆ ಅವಳು ಮಾಡಿದ್ದನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ. ಪರದೆ ಕೊಂಡವರ ಮನೆಮನೆಗೂ ಹೋಗಿ, "ನಾನು ನಿಮಗೆ ಹೇಳಿದ್ದು ಅರ್ಧ ಪಾಠ" ಎಂದಳು. ಕೆಲವರು ನಕ್ಕರು. ಒಬ್ಬಾಕೆ "ನಿನ್ನ ಮನೆ ಮೊದಲು ನೋಡ್ಕೋ" ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. "ನೋಡ್ಕೊಂಡೇ ಬಂದೆ" ಎಂದಳು ಅಕ್ಕ.

ಮೊದಲು ಬಂದದ್ದು ನಮ್ಮ ಮನೆಗೆ. ಕಿಟಕಿಯ ಹೂಕುಂಡದ ಕೆಳಗಿನ ತಟ್ಟೆಯನ್ನು ಎಳೆದು ಬೆಳಕಿಗೆ ಹಿಡಿದಳು. ನನ್ನ ಮಗಳು ಆ ಕಿಟಕಿಯ ಕೆಳಗೇ ಮಧ್ಯಾಹ್ನ ಮಲಗುವುದು. ತಟ್ಟೆಯ ನೀರು ಅಲುಗಾಡುತ್ತಿತ್ತು.