ಬ್ಯಾಟರಿಗೆ ಹಚ್ಚಿದ ವಿಭೂತಿ

ಐಗಳಿಯ ನಮ್ಮ ದನದ ಕೊಟ್ಟಿಗೆಯಲ್ಲಿ ಅಪ್ಪನ ಹಳೆಯ ಮೋಟಾರ್ ಸೈಕಲ್ ಆರು ವರ್ಷ ಸುಮ್ಮನೆ ನಿಂತಿತ್ತು. ನನಗೆ ಅಥಣಿಯಲ್ಲಿ ಕೆಲಸ ಸಿಕ್ಕಾಗ ಅದರ ಮೇಲೆಯೇ ಹೋಗಿಬರುವ ಆಸೆಯಾಯಿತು. ಅಪ್ಪ ಗಡುವು ಕೊಟ್ಟ: "ರವಿವಾರದೊಳಗ ಚಾಲೂ ಆಗ್ಲಿಲ್ಲಂದ್ರ ಗುಜರಿಯವಂಗ ಕೊಟ್ಟಬಿಡ್ತೀನಿ ಮಗಳ."

2013ರ ನನ್ನ ದಿನಚರಿಯಲ್ಲಿ ಆ ವಾರ ಪೂರ್ತಿ ದಾಖಲಾಗಿದೆ. ಸೋಮವಾರ ಇಲಿ ಕಡಿದ ನಾಲ್ಕು ತಂತಿಗಳು ಸಿಕ್ಕವು. ಬುಧವಾರದ ಹೊತ್ತಿಗೆ ನಾಲ್ಕನ್ನೂ ಬದಲಿಸಿದೆ. ಶನಿವಾರ ಸಂಜೆ ಹೊಸ ಬ್ಯಾಟರಿ ತಂದೆ. ರವಿವಾರ ಬೆಳಿಗ್ಗೆ ಕೊಟ್ಟಿಗೆಯ ಮಬ್ಬಿನಲ್ಲೇ ಅದನ್ನು ಕೂರಿಸಿ, ಕೆಂಪು ತಂತಿ ಪ್ಲಸ್‌ಗೆ, ಕಪ್ಪು ತಂತಿ ಮೈನಸ್‌ಗೆ ಬಿಗಿದೆ. ಮೂವತ್ತೊಂದು ಕಿಕ್ ಹೊಡೆದರೂ ಎಂಜಿನ್ ಕೆಮ್ಮಲಿಲ್ಲ, ಹಾರ್ನ್ ಕೂಡ ಕೂಗಲಿಲ್ಲ. ಗುಜರಿಯವ ಆಗಲೇ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ.

ತಂತಿ ಬಿಚ್ಚಿ ನೋಡಿದರೆ ಬ್ಯಾಟರಿಯ ಎರಡೂ ತುದಿಗಳ ಮೇಲೆ ಒಣಗಿದ ಬಿಳಿಯ ಲೇಪ.

"ಅವ್ವಾ, ಇದಕ್ಕೇನ ಹಚ್ಚೀದಿ?"

"ವಿಭೂತಿ. ಹೊಸಾ ಸಾಮಾನ ಪೂಜಿ ಮಾಡ್ಲಾರದ ಬಳಸ್ತಾರೇನ?"

"ಎರಡಕ್ಕೂ?"

"ಮತ್ತ? ಒಂದಕ್ಕ ಹಚ್ಚಿ ಇನ್ನೊಂದಕ್ಕ ಬಿಡಾಕ ಬರತೈತೇನ?"

ನಕ್ಕ ರಭಸಕ್ಕೆ ಗುಜರಿಯವನ ಚಹಾ ಅಂಗಿಯ ಮೇಲೆ ಚೆಲ್ಲಿತು. "ಅಕ್ಕಾರ, ಕರೆಂಟಿಗೂ ಉಪವಾಸ ಹಾಕೀರಲ್ರಿ!"

ಎರಡೂ ತುದಿಗಳನ್ನು ಒಣ ಬಟ್ಟೆಯಿಂದ ಉಜ್ಜಿ, ತಂತಿಗಳನ್ನು ಮತ್ತೆ ಬಿಗಿದೆ. ಅವ್ವ ಸೋಲಲಿಲ್ಲ, ಹೆಡ್‌ಲೈಟಿನ ಗಾಜಿಗೆ ಮೂರು ಬೆರಳು ಎಳೆದಳು. ಮೂರನೆಯ ಕಿಕ್‌ಗೆ ಎಂಜಿನ್ ಗುಡುಗಿತು, ಎಮ್ಮೆ ಬೆದರಿ ಹಗ್ಗ ಜಗ್ಗಿತು.

ಅಪ್ಪ ಹಳೆಯ ಬ್ಯಾಟರಿಯನ್ನು ಗುಜರಿಯವನ ಕೈಗಿತ್ತ. "ಇದನ್ನಷ್ಟ ಒಯ್ರಿ."

ಆಮೇಲೆ ಧೋತರ ಮೇಲೆತ್ತಿ ನನ್ನ ಹಿಂದೆ ಹತ್ತಿ ಕೂತ. "ನಡಿ ಮಗಳ, ಅಥಣಿ ಮಟ ಹೋಗಿ ಬರೂಣು."